ಸಣ್ಣ ದೋಣಿಗೆ ಟ್ರೇಲರ್ ಹೊಂದಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ದೋಣಿ ಒಂದು ಕಡೆಯಿಂದ, ಟ್ರೇಲರ್ ಇನ್ನೊಂದು ಕಡೆಯಿಂದ ಬಂದಾಗಲೇ ಈ ಪ್ರಶ್ನೆಗಳೆಲ್ಲ ಹುಟ್ಟುವುದು. ಹಳೆಯ ಟ್ರೇಲರ್ ಬೇರೆ ಯಾವುದೋ ದೋಣಿಯ ಅಳತೆಗೆ ಕೂತಿರುತ್ತದೆ. ಅದರ ಮೇಲೆ ನಿಮ್ಮ ದೋಣಿ ಹತ್ತಿಸಿದರೆ ನಿಲ್ಲುತ್ತದೆ ನಿಜ, ಆದರೆ ನಿಲ್ಲುವುದೇ ಬೇರೆ, ಕೂರುವುದೇ ಬೇರೆ.

ಮೊದಲು ಎರಡು ಪದ. ಎತ್ತಿನ ಗಾಡಿಗೆ ಇರುವ ಹಾಗೆ ಟ್ರೇಲರ್‌ಗೂ ಮುಂದಕ್ಕೆ ಚಾಚಿದ ಒಂದು ಮೂಕಿ ಇರುತ್ತದೆ. ಅದರ ತುದಿಯಲ್ಲಿ ವಾಹನದ ಹಿಂಬದಿಯ ಕಬ್ಬಿಣದ ಗುಂಡನ್ನು, ಅಂದರೆ ಬಾಲ್ ಅನ್ನು, ಕಚ್ಚಿಕೊಳ್ಳುವ ಬಾಯಿಯೇ ಕಪ್ಲರ್. ದೋಣಿಯ ತಳಕ್ಕೆ ಆಸರೆಯಾಗಿ ಉದ್ದಕ್ಕೆ ಮಲಗಿರುವ, ಕಾರ್ಪೆಟ್ ಸುತ್ತಿದ ಹಲಗೆಗಳು ಬಂಕ್.

ದೋಣಿ ಟ್ರೇಲರ್ ಮೇಲೆ ಅಲ್ಲಾಡದೆ ನಿಂತಿದೆ. ಇನ್ನು ಹೊಂದಿಸುವುದೇನಿದೆ?

ನೀರಿನಲ್ಲಿ ದೋಣಿಯ ಭಾರವನ್ನು ಇಡೀ ತಳ ಹಂಚಿಕೊಳ್ಳುತ್ತದೆ. ಟ್ರೇಲರ್ ಮೇಲೆ ಅದೇ ಭಾರ ನಾಲ್ಕಾರು ಕಡೆ ಮಾತ್ರ ಬೀಳುತ್ತದೆ. ಆ ನಾಲ್ಕಾರು ಕಡೆ ತಳ ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಫೈಬರ್‌ಗ್ಲಾಸ್ ನಿಧಾನಕ್ಕೆ ಒಳಕ್ಕೆ ಬಾಗುತ್ತದೆ, ಅಲ್ಯೂಮಿನಿಯಂ ತಗ್ಗು ಬೀಳುತ್ತದೆ, ರಿವೆಟ್ ಸಡಿಲವಾಗುತ್ತದೆ. ಇದು ಒಂದು ದಿನದಲ್ಲಿ ಆಗುವುದಲ್ಲ. ದೋಣಿ ವರ್ಷದ ಹೆಚ್ಚಿನ ದಿನ ಕಳೆಯುವುದು ನೀರಿನಲ್ಲಲ್ಲ, ಟ್ರೇಲರ್ ಮೇಲೆ. ಜೊತೆಗೆ ರಸ್ತೆಯ ಪ್ರತಿ ಗುಂಡಿಯೂ ಅದೇ ಜಾಗಕ್ಕೆ ಸುತ್ತಿಗೆಯಂತೆ ಬಡಿಯುತ್ತದೆ.

ತಳ ಹಾಳಾದದ್ದು ಕಣ್ಣಿಗೆ ಬೇಗ ಬೀಳುವುದಿಲ್ಲ. ಓಡಿಸುವಾಗ ಗೊತ್ತಾಗುತ್ತದೆ. ಹಿಂಭಾಗದ ತಳ ಕೆಳಕ್ಕೆ ಬಾಗಿದ್ದರೆ ದೋಣಿ ಮೂತಿ ತಗ್ಗಿಸಿಕೊಂಡು ಓಡುತ್ತದೆ, ವೇಗ ಕಡಿಮೆಯಾಗುತ್ತದೆ. ಜನ ಎಂಜಿನ್ ಮೇಲೆ ಅನುಮಾನಪಡುತ್ತಾರೆ. ತಪ್ಪು ಮಾಡಿದ್ದು ಟ್ರೇಲರ್.

ಯಾವುದರಿಂದ ಶುರು ಮಾಡಬೇಕು?

ಮೊದಲು ಬಂಕ್ ಮತ್ತು ರೋಲರ್ (ತಳದ ಕೆಳಗೆ ಉರುಳುವ ಗಾಲಿಗಳು), ಆಮೇಲೆ ಮುಂದಿನ ವಿಂಚ್ ಕಂಬ (ದೋಣಿಯನ್ನು ಮೇಲಕ್ಕೆಳೆಯುವ ರಾಟೆ ಕೂತ ಕಂಬ), ಕೊನೆಗೆ ಆಕ್ಸಲ್. ಈ ಕ್ರಮ ತಪ್ಪಿದರೆ ಒಂದೇ ಕೆಲಸವನ್ನು ಮೂರು ಸಲ ಮಾಡುತ್ತೀರಿ. ದೋಣಿ ಎಲ್ಲಿ ಕೂರಬೇಕು ಎನ್ನುವುದನ್ನು ದೋಣಿಯ ತಳ ಹೇಳಬೇಕು. ಅದು ತೀರ್ಮಾನವಾದ ಮೇಲೆ ಉಳಿದದ್ದೆಲ್ಲ ಅದರ ಹಿಂದೆ ಬರಬೇಕು.

ನಾನು ಮೊದಲ ಸಲ ಇದನ್ನು ತಲೆಕೆಳಗು ಮಾಡಿದ್ದೆ. ಭಾರ ಸರಿಹೋಗಲಿ ಎಂದು ದೋಣಿಯನ್ನೇ ಒಂದು ಗೇಣು ಹಿಂದಕ್ಕೆ ತಳ್ಳಿ, ವಿಂಚ್ ಕಂಬವನ್ನೂ ಅಲ್ಲಿಗೇ ತಂದು ಬಿಗಿದೆ. ಮೂಕಿ ಹಗುರವಾಯಿತು, ಖುಷಿಯಾಯಿತು. ಎಂಜಿನ್ ಹೊತ್ತ ಹಿಂಭಾಗ ಬಂಕ್ ದಾಟಿ ಗಾಳಿಯಲ್ಲಿ ನೇತಾಡುತ್ತಿತ್ತು ಅನ್ನುವುದು ಒಂದು ತಿಂಗಳಾದ ಮೇಲೆ ಕಣ್ಣಿಗೆ ಬಿತ್ತು.

ಟ್ರೇಲರ್‌ನ ತೂಕದ ಮಿತಿ ಹೇಗೆ ನೋಡುವುದು? ದೊಡ್ಡದಿದ್ದಷ್ಟೂ ಒಳ್ಳೆಯದಲ್ವಾ?

ಮಿತಿ ಟ್ರೇಲರ್‌ನ ಪ್ಲೇಟ್ ಮೇಲೆ ಇರುತ್ತದೆ. ಅಲ್ಲಿ ಬರೆದಿರುವುದು ಟ್ರೇಲರ್ ಸೇರಿದ ಒಟ್ಟು ತೂಕವೋ, ಬರೀ ಹೊರೆಯ ತೂಕವೋ ಎಂದು ಸರಿಯಾಗಿ ಓದಿ. ದೋಣಿಯ ತೂಕ ಲೆಕ್ಕ ಹಾಕುವಾಗ ಖಾಲಿ ದೋಣಿಯ ತೂಕವನ್ನಷ್ಟೇ ಹಿಡಿಯಬೇಡಿ. ಎಂಜಿನ್, ಬ್ಯಾಟರಿ, ಲಂಗರು, ಹಗ್ಗ, ಪೆಟ್ರೋಲ್ ಎಲ್ಲ ಸೇರಬೇಕು. ಒಂದು ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕೆಜಿ ತೂಗುತ್ತದೆ. 25 ಲೀಟರ್ ಟ್ಯಾಂಕ್ ತುಂಬಿದರೆ ಹತ್ತಿರ ಹತ್ತಿರ 19 ಕೆಜಿ, ಅದೂ ಸಾಮಾನ್ಯವಾಗಿ ದೋಣಿಯ ಹಿಂಭಾಗದಲ್ಲಿ.

ದೊಡ್ಡ ಟ್ರೇಲರ್ ಒಳ್ಳೆಯದು ಎನ್ನುವುದು ಅರ್ಧ ಸತ್ಯ. 1,000 ಕೆಜಿ ಹೊರುವ ಸ್ಪ್ರಿಂಗ್ ಮೇಲೆ 200 ಕೆಜಿ ದೋಣಿ ಇಟ್ಟರೆ ಸ್ಪ್ರಿಂಗ್ ಬಾಗುವುದೇ ಇಲ್ಲ. ಇಡೀ ಟ್ರೇಲರ್ ಚೆಂಡಿನಂತೆ ಪುಟಿಯುತ್ತದೆ, ಪೆಟ್ಟೆಲ್ಲ ದೋಣಿಯ ತಳಕ್ಕೆ. ಪಟ್ಟಿ ಸ್ಪ್ರಿಂಗ್ ಇದ್ದರೆ ಒಂದೆರಡು ಪಟ್ಟಿ ಕಡಿಮೆ ಇರುವ ಸೆಟ್ ಹಾಕಿಸಬಹುದು. ಆದರೆ ಟ್ರೇಲರ್ ಹೊರುವ ಮಿತಿಯೂ ಅಷ್ಟಕ್ಕೆ ಇಳಿಯಿತು ಅನ್ನುವುದು ನೆನಪಿರಲಿ. ಟೈರ್ ಗಾಳಿ ಇಳಿಸಿ ಮೆತ್ತಗೆ ಮಾಡುವ ಉಪಾಯ ಬೇಡ, ಟೈರ್ ಬಿಸಿಯಾಗಿ ಸಿಡಿಯುತ್ತದೆ.

ಬಂಕ್ ಎಲ್ಲಿರಬೇಕು?

ಇಡೀ ವಿಷಯದ ಹೃದಯ ಇದು, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಹೆಚ್ಚಿನ ದೋಣಿಗಳ ಒಳಗೆ, ನೆಲದ ಕೆಳಗೆ, ಉದ್ದಕ್ಕೆ ತೊಲೆಗಳು ಓಡುತ್ತವೆ. ತಳ ಗಟ್ಟಿಯಾಗಿರುವುದು ಆ ತೊಲೆಗಳ ಕೆಳಗೆ. ಬಂಕ್ ಅಲ್ಲಿಗೆ ಬರಬೇಕು. ತೊಲೆ ಎಲ್ಲಿದೆ ಎಂದು ಗೊತ್ತಾಗದಿದ್ದರೆ ದೋಣಿಯ ಹಿಂದಿನ ಗೋಡೆಯ ಒಳಮಗ್ಗುಲು ನೋಡಿ, ತೊಲೆ ಅಲ್ಲಿ ಬಂದು ಸೇರುತ್ತದೆ. ಅದೂ ಕಾಣದಿದ್ದರೆ ಬೆರಳ ಗೆಣ್ಣಿನಿಂದ ತಳವನ್ನು ತಟ್ಟಿ ನೋಡಿ. ಗಟ್ಟಿ ಜಾಗದ ಸದ್ದು ಟೊಳ್ಳು ಜಾಗದ ಸದ್ದಿಗಿಂತ ಬೇರೆ, ತೆಂಗಿನಕಾಯಿ ತಟ್ಟಿ ನೋಡಿದವರಿಗೆ ಹೇಳಬೇಕಾಗಿಲ್ಲ.

ತಳದ ಹೊರಗೆ ಉದ್ದಕ್ಕೆ ಏಣುಗಳಿದ್ದರೆ ಬಂಕ್ ಅವುಗಳ ಮೇಲೆ ಅರ್ಧ, ಹೊರಗೆ ಅರ್ಧ ಕೂರಬಾರದು. ಎರಡು ಏಣುಗಳ ನಡುವಿನ ಸಮತಟ್ಟು ಜಾಗಕ್ಕೆ ಸೇರಿಸಿ. ನೀರಿನಿಂದ ಎತ್ತುವಾಗ ದೋಣಿ ಅಲ್ಲೇ ದಾರಿ ಹಿಡಿದುಕೊಂಡು ನೆಟ್ಟಗೆ ಬರುತ್ತದೆ.

ಇನ್ನು ಉದ್ದ. ಬಂಕ್‌ನ ಹಿಂತುದಿ ದೋಣಿಯ ಹಿಂದಿನ ಗೋಡೆಯ ಕೆಳಗೆ ಬರಲೇಬೇಕು. 2ರಿಂದ 5 ಸೆಂ.ಮೀ. ಆಚೆ ಚಾಚಿದ್ದರೆ ಇನ್ನೂ ಒಳ್ಳೆಯದು. ಎಂಜಿನ್ ನೇತಾಡುವುದು ಆ ಗೋಡೆಯ ಮೇಲೆ, ಅತಿ ಹೆಚ್ಚು ಭಾರ ಇಳಿಯುವುದು ಅಲ್ಲಿ. ಬಂಕ್ ಒಂದು ಗೇಣು ಮೊದಲೇ ಮುಗಿದರೆ, ಹಲಗೆಯ ತುದಿ ತಳಕ್ಕೆ ಒತ್ತುತ್ತದೆ ಮತ್ತು ಅದರ ಹಿಂದಿನ ತಳ ಕೆಳಕ್ಕೆ ಬಾಗುತ್ತದೆ. ಮೇಲೆ ಹೇಳಿದ ‘ಮೂತಿ ತಗ್ಗಿಸಿ ಓಡುವ’ ರೋಗ ಹೀಗೆ ಬರುವುದು. ಈಗಿರುವ ಬಂಕ್ ಗಿಡ್ಡವಾಗಿದ್ದರೆ ತುಂಡು ಸೇರಿಸಬೇಡಿ, ಉದ್ದದ ಹೊಸ ಹಲಗೆ ಹಾಕಿ. ಹಲಗೆಯನ್ನು ಹೊತ್ತ ಕಡೆಯ ಬ್ರಾಕೆಟ್ ಕೂಡ ಅದರ ಹಿಂತುದಿಗೆ ಹತ್ತಿರವಿರಬೇಕು. ಹಲಗೆ ಮಾತ್ರ ಹಿಂದಕ್ಕೆ ಹೋಗಿ ಬ್ರಾಕೆಟ್ ಮುಂದೆಯೇ ಉಳಿದರೆ ತುದಿ ಬಳುಕುತ್ತದೆ, ಏನೂ ಸಾಧಿಸಿದಂತಾಗುವುದಿಲ್ಲ.

ಬಂಕ್ ಯಾವ ಕೋನದಲ್ಲಿ ಓರೆಯಾಗಿರಬೇಕು?

ಕೋನ ಅಳೆಯುವ ಗೋಜಿಗೇ ಹೋಗಬೇಡಿ. ಬ್ರಾಕೆಟ್ ನಟ್‌ಗಳನ್ನು ಬಂಕ್ ತಿರುಗುವಷ್ಟು ಮಾತ್ರ ಸಡಿಲಿಸಿ, ದೋಣಿಯನ್ನು ನಿಧಾನಕ್ಕೆ ಇಳಿಸಿ. ದೋಣಿಯ ತಳವೇ ಹಲಗೆಯನ್ನು ತನಗೆ ಬೇಕಾದ ಹಾಗೆ ಓರೆ ಮಾಡಿಕೊಳ್ಳುತ್ತದೆ. ಆಮೇಲೆ ಬಿಗಿಯಿರಿ. ಬಿಗಿದ ಮೇಲೆ ಹಲಗೆಗೂ ತಳಕ್ಕೂ ನಡುವೆ ಒಂದು ಕಾಗದ ತೂರಿಸಿ ನೋಡಿ. ಉದ್ದಕ್ಕೂ ಎಲ್ಲೂ ಸಲೀಸಾಗಿ ನುಗ್ಗಬಾರದು. ಮೂತಿಯ ಕಡೆ ತಳ ಮೇಲಕ್ಕೆ ತಿರುಗುವಲ್ಲಿ ಸಂದು ಇದ್ದೇ ಇರುತ್ತದೆ, ಅದನ್ನು ಬಿಡಿ.

ರೋಲರ್ ಒಳ್ಳೆಯದಾ, ಬಂಕ್ ಒಳ್ಳೆಯದಾ?

ಇಳಿಜಾರು ಕಡಿಮೆ ಇದ್ದು, ನೀರು ಆಳವಿಲ್ಲದ ಕಡೆ ದೋಣಿ ಇಳಿಸುವವರಿಗೆ ರೋಲರ್ ಅನುಕೂಲ. ಉಳಿದವರಿಗೆ ನನ್ನ ಮತ ಬಂಕ್‌ಗೆ. ರೋಲರ್ ಭಾರವನ್ನು ಸಣ್ಣ ಸಣ್ಣ ಚುಕ್ಕೆಗಳ ಮೇಲೆ ಇಳಿಸುತ್ತದೆ, ಬಂಕ್ ಹರಡುತ್ತದೆ.

ಆದರೆ ದೋಣಿಯ ಜಾತಿ ನೋಡಬೇಕು. ಮರದ ದೋಣಿ ಮತ್ತು ಹಾಯಿದೋಣಿಗಳಲ್ಲಿ ಹೆಚ್ಚಿನವು ತಳದ ನಡುವಿನ ಬೆನ್ನೆಲುಬಿನ ಮೇಲೆ, ಅಂದರೆ ಕೀಲ್ ಮೇಲೆ, ಭಾರ ಹೊರುವಂತೆ ಕಟ್ಟಿದವು. ಅವಕ್ಕೆ ನಡುವಿನ ರೋಲರ್‌ಗಳೇ ಭಾರ ಹೊರಬೇಕು. ಪಕ್ಕದ ಬಂಕ್‌ಗಳು ಓಲಾಡದಂತೆ ಹಿಡಿದರೆ ಸಾಕು. ಗಾಳಿ ತುಂಬಿದ ಟ್ಯೂಬ್ ಇರುವ ದೋಣಿಯಲ್ಲಿ ಭಾರ ಗಟ್ಟಿ ತಳದ ಮೇಲೇ ಬೀಳಬೇಕು, ಟ್ಯೂಬ್ ಮೇಲೆ ಬೀಳಬಾರದು. ಚಪ್ಪಟೆ ತಳದ ಅಲ್ಯೂಮಿನಿಯಂ ದೋಣಿಗೆ ಅಗಲ ಮೇಲಾಗಿ ಮಲಗಿಸಿದ ಬಂಕ್ ಸರಿ.

ಬಂಕ್‌ಗೆ ಯಾವ ಮರ?

ದೋಣಿ ಅಲ್ಯೂಮಿನಿಯಂ ಆಗಿದ್ದರೆ ಒಂದು ಎಚ್ಚರ. ಕೊಳೆಯದಿರಲಿ ಎಂದು ತಾಮ್ರದ ಅಂಶವಿರುವ ಔಷಧಿ ಹಾಕಿ ಹದ ಮಾಡಿದ ಮರ ಬೇಡ. ಒದ್ದೆಯಾದಾಗ ಆ ತಾಮ್ರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಕಾರ್ಪೆಟ್ ಮಧ್ಯೆ ಇದೆಯಲ್ಲ ಅನ್ನಬೇಡಿ, ಒದ್ದೆ ಕಾರ್ಪೆಟ್ ಅದಕ್ಕೆ ದಾರಿಯೇ ಹೊರತು ಅಡ್ಡಿಯಲ್ಲ. ಗಂಟಿಲ್ಲದ, ನೆಟ್ಟಗಿನ ಸಾದಾ ಮರ ಹಾಕಿ ಕೆಲವು ವರ್ಷಕ್ಕೊಮ್ಮೆ ಬದಲಿಸುವುದು ಮೇಲು. ಫೈಬರ್‌ಗ್ಲಾಸ್ ದೋಣಿಗೆ ಈ ತೊಂದರೆ ಇಲ್ಲ.

ಬೋಲ್ಟ್ ತಲೆ ಮರದೊಳಗೆ ಮುಳುಗಿರಬೇಕು. ಕಾರ್ಪೆಟ್‌ಗೆ ಹೊಡೆಯುವ ಪಿನ್ ಸ್ಟೇನ್‌ಲೆಸ್ ಆಗಿರಲಿ, ಪಕ್ಕದಲ್ಲಿ ಅಥವಾ ಅಡಿಯಲ್ಲಿ ಹೊಡೆಯಿರಿ. ಜಾರುವ ಪ್ಲಾಸ್ಟಿಕ್ ಪಟ್ಟಿ ಹಾಕುವವರಿದ್ದಾರೆ. ಹಾಕಿದರೆ ಟ್ರೇಲರ್ ನೀರಿಗೆ ಇಳಿಯುವ ಮೊದಲು ವಿಂಚ್ ಕೊಕ್ಕೆ ಬಿಚ್ಚಲೇಬೇಡಿ. ದೋಣಿ ಕಾಯುವುದಿಲ್ಲ, ನೆಲಕ್ಕೇ ಜಾರುತ್ತದೆ.

ದೋಣಿ ಎಷ್ಟು ಎತ್ತರದಲ್ಲಿ ಕೂರಬೇಕು?

ಸಾಧ್ಯವಾದಷ್ಟು ಕೆಳಗೆ. ಕೆಳಗಿದ್ದರೆ ತಿರುವಿನಲ್ಲಿ ವಾಲುವುದು ಕಡಿಮೆ, ನೀರಿನಲ್ಲಿ ತೇಲಿಸುವುದೂ ಸುಲಭ. ಮಿತಿ ಎರಡು. ತಳದ ನಡುಗೆರೆಗೂ ಚಾಸಿಯ ಅಡ್ಡಪಟ್ಟಿಗೂ ಮಧ್ಯೆ 4–5 ಸೆಂ.ಮೀ. ಜಾಗ ಬೇಕು, ಅಲ್ಲಿ ರೋಲರ್ ಇದ್ದರೆ ಆ ಮಾತು ಬೇರೆ. ಹಾಗೆಯೇ ಸ್ಪ್ರಿಂಗ್ ಪೂರ್ತಿ ಒತ್ತಿದಾಗಲೂ ಟೈರ್ ಅಥವಾ ಮಡ್‌ಗಾರ್ಡ್ ದೋಣಿಗೆ ತಾಗಬಾರದು.

ವಿಂಚ್ ಕಂಬ ಎಲ್ಲಿ ನಿಲ್ಲಬೇಕು?

ದೋಣಿಯ ಹಿಂದಿನ ಗೋಡೆ ಬಂಕ್ ತುದಿಗೆ ಸರಿಯಾಗಿ ಕೂತ ಮೇಲೆ, ಮೂತಿ ಎಲ್ಲಿ ಬರುತ್ತದೋ ಅಲ್ಲಿ. ಯು-ಬೋಲ್ಟ್ ಸಡಿಲಿಸಿ ಕಂಬವನ್ನು ದೋಣಿಯ ಬಳಿಗೆ ತನ್ನಿ, ದೋಣಿಯನ್ನು ಕಂಬದ ಬಳಿಗೆ ತರಬೇಡಿ.

ಎತ್ತರವೂ ಮುಖ್ಯ. ಮೂತಿಯ ಕೆಳಗೆ ಹಗ್ಗ ಕಟ್ಟುವ ಬಳೆ ಇರುತ್ತದಲ್ಲ, ಅದು ಕಂಬದ ರಬ್ಬರ್ ತಡೆಗೆ ಸ್ವಲ್ಪ ಕೆಳಗೆ ಬಂದು ನಿಲ್ಲಬೇಕು. ಆಗ ಗುಂಡಿಗೆ ಬಿದ್ದರೂ ಮೂತಿ ಮೇಲಕ್ಕೆ ಹಾರುವುದಿಲ್ಲ. ವಿಂಚ್ ಪಟ್ಟಿ ಬಳೆಗೆ ಹೆಚ್ಚು ಕಡಿಮೆ ನೇರವಾಗಿ ಹೋಗಬೇಕು. ತೀರಾ ಕೆಳಗಿನಿಂದ ಎಳೆದರೆ ಮೂತಿ ಕೆಳಕ್ಕೆ ಒತ್ತಿಕೊಂಡು ದೋಣಿ ಹತ್ತಲು ಹಟ ಮಾಡುತ್ತದೆ.

ಮೂಕಿ ಭಾರ ಅಂದರೇನು? ಎಷ್ಟಿರಬೇಕು?

ಎತ್ತಿನ ಗಾಡಿಯಲ್ಲಿ ಹೊರೆಯನ್ನೆಲ್ಲ ಹಿಂದಕ್ಕೆ ತುಂಬಿದರೆ ಮೂಕಿ ಮೇಲೇಳುತ್ತದೆ. ಮುಂದಕ್ಕೆ ತುಂಬಿದರೆ ಎತ್ತಿನ ಹೆಗಲು ಮುರಿಯುತ್ತದೆ. ಇಲ್ಲೂ ಅದೇ ಲೆಕ್ಕ. ಕಪ್ಲರ್ ಬಾಲ್ ಮೇಲೆ ಒತ್ತುವ ತೂಕವೇ ಮೂಕಿ ಭಾರ. ಸಣ್ಣ ದೋಣಿ ಟ್ರೇಲರ್‌ಗೆ ಸಾಮಾನ್ಯವಾಗಿ ಒಟ್ಟು ತೂಕದ ಶೇಕಡಾ 5ರಿಂದ 10 ಎಂದು ಹಿಡಿಯುತ್ತಾರೆ. ನಿಮ್ಮ ಟ್ರೇಲರ್ ಅಥವಾ ವಾಹನದ ಕೈಪಿಡಿ ಬೇರೆ ಸಂಖ್ಯೆ ಹೇಳಿದರೆ ಅದೇ ಅಂತಿಮ.

ಕಡಿಮೆಯಾದರೆ ವೇಗ ಹೆಚ್ಚುತ್ತಿದ್ದಂತೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಜಾಸ್ತಿಯಾದರೆ ವಾಹನದ ಹಿಂಭಾಗ ಕುಸಿದು, ಮುಂದಿನ ಚಕ್ರದ ಹಿಡಿತ ಕಡಿಮೆಯಾಗುತ್ತದೆ. ಎರಡರಲ್ಲಿ ಮೊದಲನೆಯದಕ್ಕೆ ನನಗೆ ಹೆಚ್ಚು ಭಯ.

ಅದನ್ನು ಮನೆಯಲ್ಲೇ ಅಳೆಯಬಹುದಾ?

ಆರಾಮವಾಗಿ. ಮಟ್ಟಸ ನೆಲ, ಚಕ್ರಕ್ಕೆ ಅಡ್ಡ ಕಟ್ಟೆ, ಪ್ರಯಾಣಕ್ಕೆ ಹೊರಟಷ್ಟೇ ಸಾಮಾನು ದೋಣಿಯಲ್ಲಿ. ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ಮರದ ಕೊರಡು ನಿಲ್ಲಿಸಿ, ಅದರ ಮೇಲೆ ಕಪ್ಲರ್ ಇಡಿ. ಬಾಲ್ ಎಷ್ಟು ಎತ್ತರದಲ್ಲಿದೆಯೋ ಕಪ್ಲರ್ ಅಷ್ಟೇ ಎತ್ತರದಲ್ಲಿರಬೇಕು.

ತೂಕ ಯಂತ್ರದ ಮಿತಿ ಮೀರಿದರೆ ಒಂದು ಗಟ್ಟಿ ಹಲಗೆ ತನ್ನಿ. ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತುದಿ ಯಂತ್ರದ ಮೇಲೆ. ಇಟ್ಟಿಗೆಯಿಂದ ಒಂದು ಅಡಿ, ಯಂತ್ರದಿಂದ ಎರಡು ಅಡಿ ದೂರದಲ್ಲಿ ಕಪ್ಲರ್ ಕೂರಲಿ. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿ. ಹಲಗೆಯದೇ ತೂಕವನ್ನು ಮೊದಲೇ ಕಳೆದುಕೊಳ್ಳಿ.

ಮೂಕಿ ಭಾರ ಸರಿಯಿಲ್ಲ. ದೋಣಿ ಸರಿಸಲೋ, ಆಕ್ಸಲ್ ಸರಿಸಲೋ?

ಆಕ್ಸಲ್. ದೋಣಿ ಸರಿಸಿದರೆ ಅಷ್ಟು ಕಷ್ಟಪಟ್ಟು ಕೂರಿಸಿದ ಬಂಕ್ ಆಸರೆ ಕೆಡುತ್ತದೆ. ಆಕ್ಸಲ್ ಹಿಂದಕ್ಕೆ ಹೋದರೆ ಮೂಕಿ ಭಾರ ಹೆಚ್ಚುತ್ತದೆ, ಮುಂದಕ್ಕೆ ಬಂದರೆ ಕಡಿಮೆಯಾಗುತ್ತದೆ.

ಒಂದು ಲೆಕ್ಕ ನೋಡೋಣ. ಒಟ್ಟು ತೂಕ 400 ಕೆಜಿ, ಕಪ್ಲರ್‌ನಿಂದ ಆಕ್ಸಲ್‌ಗೆ 3.5 ಮೀಟರ್, ಅಳೆದ ಮೂಕಿ ಭಾರ 20 ಕೆಜಿ. ಅಂದರೆ ಶೇಕಡಾ 5, ತೀರಾ ಅಂಚಿನಲ್ಲಿ. ನಮಗೆ 8 ಬೇಕು, ಅಂದರೆ 32 ಕೆಜಿ. ಈಗ ತೂಕದ ನಡುಬಿಂದು ಕಪ್ಲರ್‌ನಿಂದ 3.5ರ ಶೇಕಡಾ 95ರಷ್ಟು ದೂರ, ಅಂದರೆ 3.325 ಮೀಟರ್‌ನಲ್ಲಿದೆ. ಅದು ಶೇಕಡಾ 92 ಆಗಬೇಕಾದರೆ ಆಕ್ಸಲ್ 3.61 ಮೀಟರ್‌ಗೆ ಹೋಗಬೇಕು. ಸುಮಾರು 11 ಸೆಂ.ಮೀ. ಹಿಂದಕ್ಕೆ, ಅಷ್ಟೇ. ಆಕ್ಸಲ್‌ನದೇ ತೂಕವೂ ಜೊತೆಗೆ ಹಿಂದಕ್ಕೆ ಹೋಗುವುದರಿಂದ ಒಂದೆರಡು ಸೆಂ.ಮೀ. ಆಚೀಚೆ ಆಗಬಹುದು. ಸರಿಸಿ, ಮತ್ತೆ ತೂಗಿ. ಇದೇ ಫಲ 250 ಕೆಜಿಯ ದೋಣಿ ಸರಿಸಿ ಪಡೆಯಬೇಕಾದರೆ ಅದು 17 ಸೆಂ.ಮೀ. ಮುಂದಕ್ಕೆ ಬರಬೇಕು.

ಸ್ವಲ್ಪವೇ ವ್ಯತ್ಯಾಸವಿದ್ದರೆ ಇದ್ಯಾವುದೂ ಬೇಡ. ಬ್ಯಾಟರಿಯನ್ನೋ ಲಂಗರನ್ನೋ ಮುಂದಕ್ಕೆ ಇಟ್ಟು ನೋಡಿ.

ಆಕ್ಸಲ್ ಸರಿಸುವಾಗ ಎಲ್ಲಿ ಎಡವುತ್ತಾರೆ?

ಎರಡು ಕಡೆ ಸಮ ಸರಿಸದೆ. ಎಡಕ್ಕೆ 11, ಬಲಕ್ಕೆ 10 ಆದರೆ ಟ್ರೇಲರ್ ಏಡಿಯಂತೆ ಓರೆಯಾಗಿ ಬರುತ್ತದೆ, ಟೈರ್ ಸವೆಯುತ್ತದೆ. ಚಾಸಿಯ ಮೇಲೆ ಗುರುತು ಹಾಕಿದ್ದನ್ನು ನಂಬಬೇಡಿ. ಕಪ್ಲರ್‌ನ ನಡುವಿನಿಂದ ಆಕ್ಸಲ್‌ನ ಎರಡೂ ತುದಿಗೆ ಟೇಪ್ ಹಿಡಿಯಿರಿ. ವ್ಯತ್ಯಾಸ 3 ಮಿ.ಮೀ. ಒಳಗಿರಲಿ. ಮಡ್‌ಗಾರ್ಡ್, ಬ್ರೇಕ್ ಪೈಪ್, ವೈರ್ ಇವೂ ಜೊತೆಗೆ ಬರಬೇಕು ಅನ್ನುವುದು ಕೊನೆಯಲ್ಲಿ ನೆನಪಾಗುತ್ತದೆ. ಸ್ಪ್ರಿಂಗ್ ಹಿಡಿದಿರುವ ಕಟ್ಟುಗಳು ಚಾಸಿಗೆ ಬೆಸುಗೆಯಾಗಿದ್ದರೆ ಈ ಕೆಲಸ ಮನೆಯಲ್ಲಿ ಆಗುವುದಲ್ಲ.

ದೋಣಿ ಮೇಲಿದ್ದಾಗ ಬಂಕ್ ಸರಿಸುವುದು ಹೇಗೆ?

ನೀರಿನ ದಂಡೆಯಲ್ಲಿ ಮಾಡುವುದು ಸುಲಭ: ದೋಣಿ ಇಳಿಸಿ, ಟ್ರೇಲರ್ ಮೇಲಕ್ಕೆ ತಂದು, ಸರಿಸಿ, ಮತ್ತೆ ಹತ್ತಿಸಿ ನೋಡಿ. ಮೂರು ನಾಲ್ಕು ಸಲ ಬೇಕಾಗುತ್ತದೆ. ಜನಸಂದಣಿ ಇಲ್ಲದ ಹೊತ್ತು ಹೋಗಿ. ಮನೆಯಲ್ಲಾದರೆ ಜಾಕ್‌ನಿಂದ ಒಂದೊಂದೇ ಬದಿ ಎತ್ತಿ, ಅಗಲ ಹಲಗೆ ಇಟ್ಟ ಗಟ್ಟಿ ಕೊರಡುಗಳ ಮೇಲೆ ಕೂರಿಸಬೇಕು. ಜಾಕ್ ಎತ್ತುವುದಕ್ಕೆ, ಹೊರುವುದಕ್ಕಲ್ಲ. ಬರೀ ಜಾಕ್ ನಂಬಿ ದೋಣಿಯ ಕೆಳಗೆ ಕೈಯನ್ನೂ ಹಾಕಬೇಡಿ.

ಪ್ರತಿ ಸಲ ದೋಣಿ ಒಂದು ಪಕ್ಕಕ್ಕೇ ಕೂರುತ್ತದೆ. ಯಾಕೆ?

ಮೊದಲು ಇಳಿಜಾರು ಮಟ್ಟಸವಿದೆಯೇ ನೋಡಿ, ನೆಲವೇ ವಾಲಿದ್ದರೆ ದೋಣಿಯದೇನೂ ತಪ್ಪಿಲ್ಲ. ಆಮೇಲೆ ಟ್ರೇಲರ್ ಅನ್ನು ಎಷ್ಟು ಆಳ ಇಳಿಸುತ್ತೀರಿ ನೋಡಿ. ಬಂಕ್ ಪೂರ್ತಿ ಮುಳುಗಿದರೆ ದೋಣಿ ತೇಲುತ್ತಾ ಎತ್ತ ಬೇಕಾದರೂ ಸರಿಯುತ್ತದೆ. ಬಂಕ್‌ನ ಮುಂದಿನ ಮೂರನೇ ಒಂದು ಭಾಗ ನೀರಿನ ಮೇಲೆ ಕಾಣುವಂತೆ ನಿಲ್ಲಿಸಿ ನೋಡಿ. ಆಮೇಲೂ ಹಾಗೇ ಆದರೆ ಎರಡು ಬಂಕ್‌ಗಳ ಎತ್ತರ ಅಳೆಯಿರಿ. ಪಕ್ಕದಲ್ಲಿ ಎರಡು ನಿಲುವು ಕಂಬ ಹಾಕಿಸಿದರೆ ಗಾಳಿ ಇದ್ದ ದಿನ ಉಪಕಾರ.

ಕಟ್ಟುವುದು ಹೇಗೆ?

ಹಿಂದಿನ ಗೋಡೆಯ ಎರಡೂ ಬಳೆಗಳಿಂದ ಚಾಸಿಗೆ ಪಟ್ಟಿ. ಮುಂದೆ ವಿಂಚ್ ಪಟ್ಟಿಯ ಜೊತೆಗೆ ಬೇರೆಯೇ ಒಂದು ಸರಪಳಿ, ವಿಂಚ್‌ನ ಹಲ್ಲು ಜಾರಿದರೂ ದೋಣಿ ನಿಲ್ಲಬೇಕಲ್ಲ. ಕಪ್ಲರ್ ಕೆಳಗಿನ ಎರಡು ಸುರಕ್ಷಾ ಸರಪಳಿಗಳನ್ನು ಅಡ್ಡಡ್ಡ ದಾಟಿಸಿ ಹಾಕಿ, ಕಪ್ಲರ್ ಕಳಚಿದರೆ ಮೂಕಿ ಆ ತೊಟ್ಟಿಲಲ್ಲಿ ಬೀಳುತ್ತದೆ, ರಸ್ತೆಗೆ ನಾಟುವುದಿಲ್ಲ. ಬಾಲ್ ಅಳತೆಯನ್ನು ಕಪ್ಲರ್ ಮೇಲೆ ಓದಿ. 50 ಮಿ.ಮೀ. ಮತ್ತು 2 ಇಂಚು ಒಂದೇ ಅಲ್ಲ, 2 ಇಂಚು ಅಂದರೆ 50.8.

ಮೊದಲ ಪ್ರಯಾಣದಲ್ಲಿ ಏನು ನೋಡಬೇಕು?

ಹತ್ತು ಹದಿನೈದು ಕಿ.ಮೀ. ಹೋಗಿ ನಿಲ್ಲಿಸಿ. ಎರಡೂ ಚಕ್ರದ ಹಬ್‌ಗೆ ಕೈ ಹತ್ತಿರ ಹಿಡಿದು, ಆಮೇಲೆ ಮುಟ್ಟಿ. ಬೆಚ್ಚಗಿದ್ದರೆ ಸರಿ. ಮುಟ್ಟಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಅಥವಾ ಬ್ರೇಕ್ ಕೆಟ್ಟಿದೆ. ಸರಿಸಿದ ಎಲ್ಲ ಯು-ಬೋಲ್ಟ್ ಮತ್ತು ಚಕ್ರದ ನಟ್ ಮತ್ತೆ ಬಿಗಿಯಿರಿ, ಅವು ಮೊದಲ ಓಟದಲ್ಲಿ ಸಡಿಲವಾಗುವುದು ಸಹಜ. ದಂಡೆ ತಲುಪಿದ ಮೇಲೆ ಹಬ್ ತಣ್ಣಗಾಗುವವರೆಗೂ ನೀರಿಗಿಳಿಸಬೇಡಿ. ಬಿಸಿ ಹಬ್ ಥಟ್ಟನೆ ತಣಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ, ಗ್ರೀಸ್ ಕೆಡುತ್ತದೆ. ಲೈಟಿನ ಪ್ಲಗ್ ಅನ್ನೂ ಆಗಲೇ ಕಳಚಿ.

ಎಲ್ಲ ಅಳೆದು ಹೊಂದಿಸಿದ್ದೇನೆ. ಆದರೂ ಟ್ರೇಲರ್ ಓಲಾಡುತ್ತಿದೆ!

ಓಡಿಸುತ್ತಿರುವಾಗ ಓಲಾಡಿದರೆ ಬ್ರೇಕ್ ಒತ್ತಬೇಡಿ, ಸ್ಟಿಯರಿಂಗ್ ತಿರುಗಿಸಿ ಸರಿಮಾಡಲು ಹೋಗಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ವೇಗ ತಾನಾಗಿ ಇಳಿಯಲು ಬಿಡಿ. ನಿಲ್ಲಿಸಿದ ಮೇಲೆ ಟೈರ್ ಗಾಳಿ ನೋಡಿ, ಒಳಗಿನ ಸಾಮಾನು ಹಿಂದಕ್ಕೆ ಜಾರಿದೆಯಾ ನೋಡಿ.

ನನಗೆ ಒಮ್ಮೆ ಹೀಗೇ ಆಯಿತು. ಅಳತೆಯೆಲ್ಲ ಸರಿಯಿತ್ತು, ಹಿಂದಿನ ವಾರ ಸೊಗಸಾಗಿ ಬಂದಿದ್ದ ಟ್ರೇಲರ್ ಆ ದಿನ ಹಾವಿನಂತೆ ಹೊರಳುತ್ತಿತ್ತು. ಮೂಕಿ ಎತ್ತಿ ನೋಡಿದರೆ ಹಗುರ. ಆಕ್ಸಲ್ ಜಾರಿದೆಯೇನೋ ಎಂದು ರಸ್ತೆ ಬದಿಯಲ್ಲಿ ಟೇಪ್ ಹಿಡಿದು ಮಲಗಿದೆ. ಕೊನೆಗೆ ದೋಣಿಯ ಒಳಗೆ ಇಣುಕಿದಾಗ ಗೊತ್ತಾಯಿತು, ವಾರವಿಡೀ ಸುರಿದ ಮಳೆ ಹಿಂಭಾಗದಲ್ಲಿ ನಿಂತಿತ್ತು. 40 ಲೀಟರ್ ಅಂದರೆ 40 ಕೆಜಿ. ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ ಅಷ್ಟು ಭಾರ ಇದ್ದರೆ ಮೇಲಿನ ಲೆಕ್ಕದ ಟ್ರೇಲರ್‌ನಲ್ಲಿ ಮೂಕಿ ಭಾರ 11 ಕೆಜಿ ಇಳಿಯುತ್ತದೆ, 32 ಇದ್ದದ್ದು 21. ತಳದ ಬಿರಡೆ ಬಿಚ್ಚಿದೆ, ಮೂಕಿಯನ್ನು ಸ್ವಲ್ಪ ಎತ್ತಿ ಹಿಡಿದೆ, ನೀರು ಹರಿದು ಹೋಯಿತು. ಈಗ ನಿಲ್ಲಿಸಿದಾಗಲೆಲ್ಲ ಬಿರಡೆ ಬಿಚ್ಚಿ, ಅದನ್ನು ಕಾರಿನ ಕೀಲಿ ಗೊಂಚಲಿಗೆ ಕಟ್ಟಿಡುತ್ತೇನೆ. ನೀರಿಗಿಳಿಸುವಾಗ ಮರೆತರೆ ಅದು ಬೇರೆಯೇ ಕಥೆ ಅಲ್ವಾ.